ಗಂಟೆ ಬಾರಿಸುವ ಮೊದಲೇ ಸೋತ ಪಂದ್ಯ

ಮೊನ್ನೆ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. ಇದು ಅವನ ಬಯಕೆಯೂ ಅಲ್ಲ, ನನ್ನದೂ ಅಲ್ಲ, ಅಕ್ಕನ ಅಪ್ಪಣೆ. "ನಿನ್ನ ಸೋದರಳಿಯ ಬಿ.ಕಾಂ. ಸೇರಿ ಆರು ತಿಂಗಳಾಯಿತು, ಇನ್ನೂ ಹೈಸ್ಕೂಲಿನ ಬೂಟಿನಲ್ಲೇ ಓಡಾಡುತ್ತಿದ್ದಾನೆ. ಮೂರು ಸಾವಿರ ಕೊಟ್ಟು ಹದಿನೈದು ದಿನವಾಯಿತು. ಇವತ್ತು ನಾಳೆ ಅಂತ ತಳ್ಳುತ್ತಾನೆ. ನೀನಾದರೂ ಜೊತೆಗೆ ಹೋಗಿ ಕೊಡಿಸಿಕೊಂಡು ಬಾ" ಎಂದು ಫೋನು ಮಾಡಿದ್ದಳು.

ಕಾಮರಾಜ ರಸ್ತೆಯ ಕಡೆಯಿಂದ ಒಳಹೊಕ್ಕೆವು. ಭಾನುವಾರದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆಯುವುದೇನು ಬಂತು, ಜನವೇ ನಮ್ಮನ್ನು ಒಯ್ಯುತ್ತದೆ. ಮೊದಲ ಅಂಗಡಿಯ ಬೂಟು ಬಿಗಿ ಎಂದ. ಎರಡನೆಯ ಅಂಗಡಿಯದರ ಬಣ್ಣ ಸರಿಯಿಲ್ಲ ಎಂದ. ಮೂರನೆಯ ಅಂಗಡಿಯಲ್ಲಿ ಬೂಟು ಕಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ಬೆಲೆಯೂ ಇಳಿಯಿತು. ಹುಡುಗ ಮಾತ್ರ ಎದ್ದು ಬಾಗಿಲಿಗೆ ಹೋಗಿ ನಿಂತ. ಎದುರಿನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಒಂದು ಜೊತೆ ಕೆಂಪು ಬಾಕ್ಸಿಂಗ್ ಗ್ಲೌಸು ತೂಗುಹಾಕಿತ್ತು. ಅದನ್ನೇ ನೋಡುತ್ತ ಕೇಳಿದ: "ಮಾಮ, ಸ್ಪ್ಲಿಟ್ ಡಿಸಿಷನ್ ಅಂದರೆ ಏನು?"

ಬೂಟಿಗೂ ಸ್ಪ್ಲಿಟ್ ಡಿಸಿಷನ್ನಿಗೂ ಎಲ್ಲಿಯ ಸಂಬಂಧ? ಶಿವಾಜಿನಗರದ ಕಡೆಯ ಗಲ್ಲಿಯೊಂದರಲ್ಲಿ ಚಹಾ ಕುಡಿಯುವಾಗ ಸಂಬಂಧ ಹೊರಬಿತ್ತು. ಗೆಳೆಯನೊಬ್ಬ ಫೋನಿಗೆ ಒಂದು ಬೆಟ್ಟಿಂಗ್ ಕೊಂಡಿ ಕಳಿಸಿದ್ದನಂತೆ. ಹೊರದೇಶದ ಬಾಕ್ಸಿಂಗ್ ಪಂದ್ಯಗಳ ಮೇಲೆ ಬಾಜಿ. ಮೊದಲು 200 ರೂಪಾಯಿ ಕಟ್ಟಿದ, 380 ಬಂತು. ಎರಡು ದಿನ ಕಾಲು ನೆಲದ ಮೇಲಿರಲಿಲ್ಲ. ಮೂರನೆಯ ದಿನ 2,500 ಕಟ್ಟಿದ. "ನಾನು ಹೇಳಿದ ಬಾಕ್ಸರೇ ಗೆದ್ದ ಮಾಮ, ಆದರೂ ದುಡ್ಡು ಹೋಯಿತು" ಎಂದ. ಅವನು ಒತ್ತಿದ್ದು 'ನಾಕೌಟ್‌ನಿಂದ ಗೆಲುವು' ಎಂಬ ಗುಂಡಿಯನ್ನು. ಅವನ ಬಾಕ್ಸರು ಗೆದ್ದದ್ದು ಅಂಕಗಳಿಂದ, ಅದೂ ಸ್ಪ್ಲಿಟ್ ಡಿಸಿಷನ್ನಿನಲ್ಲಿ. ಕಳೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆಂದು ಉಳಿದ 680ರಲ್ಲಿ 600 ರೂಪಾಯಿಯನ್ನು ಇನ್ನೊಂದು ಪಂದ್ಯದ ಮೇಲೆ, '4.5 ಸುತ್ತಿಗಿಂತ ಹೆಚ್ಚು' ಎಂಬುದಕ್ಕೆ ಕಟ್ಟಿದ. ಪಂದ್ಯ ಐದನೆಯ ಸುತ್ತಿನವರೆಗೆ ಹೋಯಿತು. ಅದರಲ್ಲೂ ಸೋತ. ಹೇಗೆ ಸೋತೆನೆಂಬುದು ಮಾತ್ರ ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಅಕ್ಕ ಕೊಟ್ಟ 3,000 ರೂಪಾಯಿಯಲ್ಲಿ ಅವನ ಬಳಿ ಉಳಿದಿದ್ದದ್ದು 80.

"ರೂಲ್ಸ್ ಸರಿಯಾಗಿ ಗೊತ್ತಿರಲಿಲ್ಲ ಮಾಮ, ಅದಕ್ಕೇ ಹೋಯಿತು. ಗೊತ್ತಿದ್ದರೆ ಗೆಲ್ಲುತ್ತಿದ್ದೆ" ಎಂದ. ದುಡ್ಡು ಹೋದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಅದೇ ನಂಬಿಕೆಯಲ್ಲಿರುವ ಇತರ ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ಇದ್ದಾರೆಂದು ಬಲ್ಲೆನಾದ್ದರಿಂದ, ಅವತ್ತು ಅವನಿಗೆ ಹೇಳಿದ್ದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಆಟದ ಮಾತು, ಆಮೇಲೆ ಬಾಜಿಯ ಮಾತು.

ಹೆಸರಿಗೆ ರಿಂಗು, ನೋಡಿದರೆ ಚೌಕ

ಮುಷ್ಟಿಯುದ್ಧ ನಮಗೆ ಹೊಸದಲ್ಲ. ಮೈಸೂರು ದಸರೆಯಲ್ಲಿ ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಅದರ ನಿಯಮ ಸರಳ: ಒಬ್ಬರಿಗೆ ರಕ್ತ ಬಂದೊಡನೆ ಕಾಳಗ ಮುಗಿಯಿತು. ಸುತ್ತಿಲ್ಲ, ಅಂಕವಿಲ್ಲ, ವಾದವೂ ಇಲ್ಲ.

ಗ್ಲೌಸು ತೊಟ್ಟು ಆಡುವ ಬಾಕ್ಸಿಂಗ್ ಬೇರೆಯದು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿತು. ಬ್ರಿಟಿಷ್ ಸಿಪಾಯಿಗಳು ತಂದ ಆಟಗಳಲ್ಲಿ ಇದೂ ಒಂದು. ಸೇನೆಯಲ್ಲಿ ಇದಕ್ಕೆ ಈಗಲೂ ಮರ್ಯಾದೆ ಇದೆ. ನಮ್ಮ ಕೊಡಗಿನ ಚೇನಂಡ ಮಾಚಯ್ಯನವರು ಬಾಕ್ಸಿಂಗ್‌ನಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆಮೇಲೆ ದೇಶಕ್ಕೆ ಒಲಿಂಪಿಕ್ ಪದಕಗಳೂ ಬಂದವು: 2008ರಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಮೇರಿ ಕೋಮ್, 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಲವ್ಲಿನಾ ಬೊರ್ಗೊಹೈನ್. ಮೂವರದೂ ಕಂಚು.

ಇಂದಿನ ನಿಯಮಗಳ ಮೂಲ 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು. ಕೈಗೆ ಗ್ಲೌಸು ಕಡ್ಡಾಯ, ಮೂರು ನಿಮಿಷಕ್ಕೆ ಒಂದು ಸುತ್ತು, ನಡುವೆ ಒಂದು ನಿಮಿಷ ವಿರಾಮ, ಬಿದ್ದವನಿಗೆ ಏಳಲು ಹತ್ತು ಸೆಕೆಂಡು. ಇವೆಲ್ಲ ಬಂದದ್ದು ಅಲ್ಲಿಂದ. ಹೆಸರಿಗೆ ರಿಂಗು, ನೋಡಿದರೆ ಹಗ್ಗ ಬಿಗಿದ ಚೌಕ. ನಾಲ್ಕು ಮೂಲೆಗಳಲ್ಲಿ ಒಂದು ಕೆಂಪು, ಒಂದು ನೀಲಿ. ಇವು ಇಬ್ಬರು ಬಾಕ್ಸರುಗಳವು. ಉಳಿದ ಎರಡು ತಟಸ್ಥ ಮೂಲೆಗಳು, ಅವು ಯಾರವೂ ಅಲ್ಲ.

ತಟಸ್ಥ ಮೂಲೆಗೂ ಒಂದು ಕೆಲಸವಿದೆ. ಎದುರಾಳಿಯನ್ನು ಬೀಳಿಸಿದವನು ಅಲ್ಲಿಗೆ ಹೋಗಿ ನಿಲ್ಲಬೇಕು. ಅವನು ಹೋಗುವ ತನಕ ರೆಫರಿ ಎಣಿಸುವುದಿಲ್ಲ. 1927ರ ಸೆಪ್ಟೆಂಬರ್ 22ರಂದು ಷಿಕಾಗೊದಲ್ಲಿ ಜ್ಯಾಕ್ ಡೆಂಪ್ಸಿ ತನ್ನ ಎದುರಾಳಿ ಜೀನ್ ಟನಿಯನ್ನು ಬೀಳಿಸಿದ, ಆದರೆ ಮೂಲೆಗೆ ಹೋಗಲು ತಡಮಾಡಿದ. ಎಣಿಕೆ ತಡವಾಗಿ ಶುರುವಾಯಿತು. ಸುಧಾರಿಸಿಕೊಂಡು ಎದ್ದ ಟನಿ ಕೊನೆಗೆ ಪಂದ್ಯವನ್ನೇ ಗೆದ್ದ. ಸುಮಾರು ನೂರು ವರ್ಷವಾದರೂ ಆ 'ದೀರ್ಘ ಎಣಿಕೆ'ಯ ವಾದ ಮುಗಿದಿಲ್ಲ.

ಹೊಡೆತ ಮುಖ್ಯವಾಗಿ ನಾಲ್ಕು ಬಗೆ. ಮುಂದಿನ ಕೈಯಿಂದ ನೇರವಾಗಿ, ಚುರುಕಾಗಿ ಕೊಡುವುದು ಜ್ಯಾಬ್. ಹಿಂದಿನ ಕೈಯಿಂದ ಮೈಯ ಬಲವನ್ನೆಲ್ಲ ಹಾಕಿ ನೇರವಾಗಿ ಕೊಡುವುದು ಕ್ರಾಸ್. ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವುದು ಹುಕ್. ಕೆಳಗಿನಿಂದ ಗಲ್ಲದತ್ತ ಎತ್ತುವುದು ಅಪ್ಪರ್‌ಕಟ್. ಎಡಗಾಲು ಮುಂದಿಟ್ಟು ನಿಲ್ಲುವವನು ಆರ್ಥೊಡಾಕ್ಸ್. ಬಲಗಾಲು ಮುಂದಿಟ್ಟು, ಎಡಗೈಯನ್ನು ಬಲವಾದ ಹೊಡೆತಕ್ಕೆ ಕಾಯ್ದಿರಿಸುವವನು ಸೌತ್‌ಪಾ. ದಣಿದಾಗ ಎದುರಾಳಿಯನ್ನು ತಬ್ಬಿ ಹಿಡಿಯುವುದು ಕ್ಲಿಂಚ್. ರೆಫರಿ 'ಬ್ರೇಕ್' ಎಂದರೆ ಬಿಡಲೇಬೇಕು.

ಸೊಂಟಪಟ್ಟಿಯ ಕೆಳಗೆ, ತಲೆಯ ಹಿಂಭಾಗಕ್ಕೆ, ಬಿದ್ದವನ ಮೇಲೆ ಹೊಡೆಯುವಂತಿಲ್ಲ. ತಲೆಯಿಂದ ಗುದ್ದುವಂತಿಲ್ಲ. ತಪ್ಪಿದರೆ ಎಚ್ಚರಿಕೆ, ಅಂಕ ಕಡಿತ, ಕೊನೆಗೆ ಅನರ್ಹತೆ. 1997ರ ಜೂನ್ 28ರಂದು ಇವಾಂಡರ್ ಹೋಲಿಫೀಲ್ಡ್‌ನ ಕಿವಿ ಕಚ್ಚಿದ ಮೈಕ್ ಟೈಸನ್ ಅನರ್ಹಗೊಂಡದ್ದನ್ನು ಹಿರಿಯ ಓದುಗರು ಮರೆತಿರಲಾರರು.

ಬಿದ್ದವನೂ ನಿಲ್ಲಿಸಲ್ಪಟ್ಟವನೂ

ಪಾದ ಬಿಟ್ಟು ಮೈಯ ಬೇರಾವ ಭಾಗ ನೆಲ ಮುಟ್ಟಿದರೂ ಅದು ನಾಕ್‌ಡೌನ್. ಹಗ್ಗ ಇಲ್ಲದಿದ್ದರೆ ಬಿದ್ದೇ ಬಿಡುತ್ತಿದ್ದ ಎನ್ನುವಂತಿದ್ದರೂ ನಾಕ್‌ಡೌನೇ. ರೆಫರಿ ಎಣಿಸುತ್ತಾನೆ. ಬಿದ್ದವನು ಮೂರಕ್ಕೇ ಎದ್ದರೂ ಎಂಟರ ತನಕ ಎಣಿಕೆ ನಿಲ್ಲದು. ಹತ್ತಾದರೂ ಏಳದಿದ್ದರೆ ನಾಕೌಟ್, ಅಂದರೆ ಕೆ.ಓ.

ಎದ್ದು ನಿಂತಿದ್ದಾನೆ, ಆದರೆ ಕಣ್ಣು ನೆಟ್ಟಗಿಲ್ಲ, ಕೈ ಮೇಲೇಳುತ್ತಿಲ್ಲ ಎಂದು ರೆಫರಿಗೆ ಕಂಡರೆ ಪಂದ್ಯ ನಿಲ್ಲಿಸುತ್ತಾನೆ. ಗಾಯ ನೋಡಿ ವೈದ್ಯರು ನಿಲ್ಲಿಸಲು ಹೇಳಬಹುದು. ಬಾಕ್ಸರನ ಕಡೆಯವರೇ ಸಾಕೆನ್ನಬಹುದು. ಹಿಂದೆ ಅದಕ್ಕೆ ಟವೆಲು ಎಸೆಯುತ್ತಿದ್ದರು. ವೃತ್ತಿಪರರಲ್ಲಿ ಇದಕ್ಕೆ ತಾಂತ್ರಿಕ ನಾಕೌಟ್, ಟಿ.ಕೆ.ಓ. ಎಂದು ಹೆಸರು. ಒಲಿಂಪಿಕ್ ಬಗೆಯಲ್ಲಿ ರೆಫರಿಯೇ ನಿಲ್ಲಿಸಿದರೆ ಆರ್.ಎಸ್.ಸಿ. ಎನ್ನುತ್ತಾರೆ.

ಬಾಜಿ ಕಟ್ಟಿದವರು ಹೆಚ್ಚು ಶಪಿಸುವುದು ಈ ನಿಯಮವನ್ನೇ: "ಇನ್ನೊಂದು ನಿಮಿಷ ಬಿಟ್ಟಿದ್ದರೆ ನಮ್ಮವನು ಗೆಲ್ಲುತ್ತಿದ್ದ!" ಆ ಒಂದು ನಿಮಿಷದಲ್ಲಿ ಏನಾಗಬಹುದೆಂದು ತಿಳಿಯಲು 1982ಕ್ಕೆ ಹೋಗಬೇಕು. ಆ ವರ್ಷ ನವೆಂಬರ್ 13ರಂದು ಅಮೆರಿಕದ ರೇ ಮನ್ಸೀನಿ ಎದುರು ಆಡಿದ ಕೊರಿಯಾದ ಯುವಕ ದುಕ್ ಕೂ ಕಿಮ್ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ. ಮಿದುಳಿಗೆ ಪೆಟ್ಟಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಆಗ ವಿಶ್ವ ಪ್ರಶಸ್ತಿ ಪಂದ್ಯಗಳು 15 ಸುತ್ತಿನವು. ಆ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಮಂಡಳಿ ತನ್ನ ಪಂದ್ಯಗಳನ್ನು 12ಕ್ಕೆ ಇಳಿಸಿತು. ಉಳಿದ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಪಂದ್ಯ ನಿಲ್ಲಿಸುವ ರೆಫರಿ ನೋಡುತ್ತಿರುವುದು ಯಾರದೋ ಮನೆಯ ಮಗನನ್ನು. ಅವನ ಮೇಲೆ ಯಾರು ಎಷ್ಟು ಕಟ್ಟಿದ್ದಾರೆಂಬುದು ರೆಫರಿಗೆ ಬೇಕಾಗಿಲ್ಲ, ಬೇಕಾಗಲೂಬಾರದು.

ಅಂಕದ ಲೆಕ್ಕ

ಯಾರೂ ಬೀಳದೆ ಪಂದ್ಯ ಕೊನೆಯ ಗಂಟೆಯ ತನಕ ನಡೆದರೆ ತೀರ್ಪುಗಾರರ ಅಂಕವೇ ಗತಿ. ವೃತ್ತಿಪರ ಪಂದ್ಯದಲ್ಲಿ ತೀರ್ಪುಗಾರರು ಮೂವರು. ಪ್ರತಿ ಸುತ್ತಿಗೂ ಮೇಲುಗೈ ಪಡೆದವನಿಗೆ 10, ಇನ್ನೊಬ್ಬನಿಗೆ 9. ಒಮ್ಮೆ ಬಿದ್ದರೆ ಸಾಮಾನ್ಯವಾಗಿ 10-8.

12 ಸುತ್ತಿನಲ್ಲಿ ಒಬ್ಬ 7 ಗೆದ್ದ, ಮತ್ತೊಬ್ಬ 5 ಗೆದ್ದನೆನ್ನಿ. ಮೊದಲನೆಯವನಿಗೆ 70 ಮತ್ತು 45 ಸೇರಿ 115. ಎರಡನೆಯವನಿಗೆ 63 ಮತ್ತು 50 ಸೇರಿ 113. ಮೊದಲನೆಯವನು ತಾನು ಸೋತ ಸುತ್ತುಗಳಲ್ಲಿ ಒಮ್ಮೆ ನೆಲಕ್ಕೆ ಬಿದ್ದಿದ್ದರೆ 114-113. ಎರಡು ಸುತ್ತುಗಳಲ್ಲಿ ಒಂದೊಂದು ಸಲ ಬಿದ್ದಿದ್ದರೆ 113-113, ಸಮ. ಏಳು ಸುತ್ತು ಗೆದ್ದವನು ಹೀಗೆ ಎರಡು ಕ್ಷಣಗಳ ಎಡವಟ್ಟಿನಿಂದ ಗೆಲುವು ಕಳೆದುಕೊಳ್ಳುತ್ತಾನೆ.

ಮೂವರು ತೀರ್ಪುಗಾರರೂ ಒಬ್ಬನನ್ನೇ ಆರಿಸಿದರೆ ಸರ್ವಾನುಮತದ ತೀರ್ಪು. ಇಬ್ಬರು ಒಬ್ಬನನ್ನೂ ಮೂರನೆಯವನು ಇನ್ನೊಬ್ಬನನ್ನೂ ಆರಿಸಿದರೆ ಅದೇ ಸ್ಪ್ಲಿಟ್ ಡಿಸಿಷನ್, ನನ್ನ ಅಳಿಯನ ತಲೆ ತಿಂದದ್ದು. ಇಬ್ಬರು ಒಬ್ಬನನ್ನು ಆರಿಸಿ ಮೂರನೆಯವನು ಸಮ ಎಂದರೆ ಬಹುಮತದ ತೀರ್ಪು. ಒಲಿಂಪಿಕ್ ಬಗೆಯಲ್ಲಿ ಸುತ್ತು ಮೂರೇ, ತೀರ್ಪುಗಾರರು ಐವರು. ಅಲ್ಲಿ ಸಮ ಎಂಬುದಿಲ್ಲ, ಯಾರನ್ನಾದರೂ ಆರಿಸಲೇಬೇಕು.

ಕಣ್ಣೆದುರಿಗೇ ನಡೆದದ್ದನ್ನು ಐವರು ಒಂದೇ ರೀತಿ ಕಾಣುತ್ತಾರೆಂದು ತಿಳಿಯಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್ ಆಡಿದ ನಿಶಾಂತ್ ದೇವ್ ಹರಿಯಾಣದವರಾದರೂ ತರಬೇತಿ ಪಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಗೆದ್ದಿದ್ದರೆ ಕಂಚು ಖಚಿತವಾಗುತ್ತಿತ್ತು. ಮೊದಲ ಸುತ್ತಿನಲ್ಲಿ ಮುಂದಿದ್ದ ಅವರು ಕೊನೆಗೆ ಮೆಕ್ಸಿಕೋದ ಮಾರ್ಕೊ ವರ್ದೆ ಎದುರು 4-1ರ ಸ್ಪ್ಲಿಟ್ ಡಿಸಿಷನ್ನಿನಲ್ಲಿ ಸೋತರು. ಬಾಕ್ಸಿಂಗ್ ಬಲ್ಲವರೇ ಆ ತೀರ್ಪನ್ನು ಒಪ್ಪಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನ ಕೆಲವು ಪಂದ್ಯಗಳಲ್ಲಂತೂ ತೀರ್ಪಿನಲ್ಲಿಯೇ ಕೈವಾಡವಿತ್ತೆಂದು 2021ರಲ್ಲಿ ಮೆಕ್‌ಲಾರೆನ್ ತನಿಖಾ ವರದಿ ಹೇಳಿತು. ನಿಯಮಗಳನ್ನು ಅರೆದು ಕುಡಿದವರೇ ಊಹಿಸಲಾಗದ್ದನ್ನು ನಿಯಮ ಕಲಿತು ಊಹಿಸುತ್ತೇನೆನ್ನುವುದು ಎಂಥ ಧೈರ್ಯ?

ಬಾಜಿಯವರ ಭಾಷೆ

ಈಗ ಬಾಜಿಯ ಮಾತು. ಇದನ್ನು ಬರೆಯುವುದು ಕಲಿತು ಕಟ್ಟಿ ಎಂದಲ್ಲ. ನಿಮ್ಮ ಮನೆಯ ಹುಡುಗ ಈ ಪದಗಳನ್ನು ಆಡಿದರೆ ಅದೇನೆಂದು ನಿಮಗೆ ತಿಳಿದಿರಲಿ. ಹುಡುಗನಿಗೂ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯಲಿ.

'ಆಡ್ಸ್' ಎಂದರೆ ಗೆದ್ದರೆ ಎಷ್ಟು ಪಟ್ಟು ಹಣ ಬರುತ್ತದೆಂಬ ದರ. 1.90 ಎಂದರೆ 100 ಕಟ್ಟಿ ಗೆದ್ದವನಿಗೆ ಅಸಲೂ ಸೇರಿ 190. 'ಗೆಲುವಿನ ಬಗೆ' ಎಂದರೆ ಯಾರು ಗೆಲ್ಲುತ್ತಾರೆಂಬುದರ ಜೊತೆಗೆ ನಾಕೌಟೋ ಅಂಕವೋ ಎಂದೂ ಹೇಳಬೇಕು. ಅರ್ಧ ಸರಿಯಾದರೆ ಏನೂ ಇಲ್ಲ. '4.5 ಸುತ್ತಿಗಿಂತ ಹೆಚ್ಚು' ಎಂದರೆ ಐದನೆಯ ಸುತ್ತು ಶುರುವಾದರೆ ಸಾಲದು, ಅದರ ಅರ್ಧ, ಅಂದರೆ ಒಂದೂವರೆ ನಿಮಿಷ ದಾಟಬೇಕು. ನಮ್ಮ ಹುಡುಗನ ಪಂದ್ಯ ನಿಂತದ್ದು ಐದನೆಯ ಸುತ್ತಿನ ಒಂದನೆಯ ನಿಮಿಷದಲ್ಲಿ. ಪಂದ್ಯ ಸಮವಾದರೆ ಕೆಲವು ಕಡೆ ಕಟ್ಟಿದ ಹಣ ವಾಪಸು. ಸಮ ಎಂಬುದನ್ನೂ ಮೂರನೆಯ ಆಯ್ಕೆಯಾಗಿ ಇಟ್ಟಿರುವ ಕಡೆ ಇಬ್ಬರಲ್ಲಿ ಯಾರ ಮೇಲೆ ಕಟ್ಟಿದ್ದರೂ ಹಣ ಹೋಯಿತು.

ಇಷ್ಟೆಲ್ಲ ಕಲಿತರೆ ಗೆಲ್ಲಬಹುದೇ? ಬಿ.ಕಾಂ. ವಿದ್ಯಾರ್ಥಿಯಲ್ಲವೇ, ಚಹಾ ಅಂಗಡಿಯ ಕಾಗದದ ಮೇಲೆ ಅವನಿಂದಲೇ ಲೆಕ್ಕ ಮಾಡಿಸಿದೆ. ಇಬ್ಬರು ಸಮಬಲದ ಬಾಕ್ಸರುಗಳು. ಇಬ್ಬರಿಗೂ ದರ 1.90. ನೀನು ಇಬ್ಬರ ಮೇಲೂ 100 ರೂಪಾಯಿ ಕಟ್ಟು. ಕೊಟ್ಟದ್ದು 200. ಯಾರೇ ಗೆಲ್ಲಲಿ, ಬರುವುದು 190. ಹತ್ತು ರೂಪಾಯಿ ಎಲ್ಲಿ ಹೋಯಿತು?

"ಅಂಗಡಿಯವನಿಗೆ" ಎಂದ.

ಗಂಟೆ ಬಾರಿಸುವ ಮೊದಲೇ ನೂರಕ್ಕೆ ಐದು ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ. ಸಮಬಲದವರಿಗೆ ನ್ಯಾಯವಾದ ದರ 2.00, ಅದನ್ನು ಯಾವ ಅಂಗಡಿಯವನೂ ಕೊಡುವುದಿಲ್ಲ, ಕೊಟ್ಟರೆ ಅವನ ಬಾಡಿಗೆ ಹುಟ್ಟುವುದಿಲ್ಲ. ಬಂದದ್ದನ್ನೇ ಮತ್ತೆ ಮತ್ತೆ ಕಟ್ಟುತ್ತ ಹೋದರೆ ಪ್ರತಿ ಸಲವೂ ಆ ಐದು ಹೋಗುತ್ತದೆ. 1,000 ರೂಪಾಯಿ ಸರಾಸರಿ ಲೆಕ್ಕದಲ್ಲಿ ಹತ್ತು ಸಲಕ್ಕೆ ಸುಮಾರು 599, ಇಪ್ಪತ್ತು ಸಲಕ್ಕೆ ಸುಮಾರು 358. ಮೂರು ಪಂದ್ಯಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿದರೆ ಸುಮಾರು 6.86 ಪಟ್ಟು ಎಂದು ಆಸೆ ತೋರಿಸುತ್ತಾರೆ. ಮೂರೂ ಸರಿಹೋಗುವ ಸಂಭವ ಎಂಟರಲ್ಲಿ ಒಂದು, ಆದ್ದರಿಂದ ಬರಬೇಕಾದದ್ದು 8 ಪಟ್ಟು. ಅಲ್ಲಿ ಅಂಗಡಿಯವನ ಪಾಲು ನೂರಕ್ಕೆ ಐದರಿಂದ ಹದಿನಾಲ್ಕಕ್ಕೆ ಏರಿತು.

"ಆದರೆ ಖಂಡಿತ ಗೆಲ್ಲುವವನ ಮೇಲೆ ಕಟ್ಟಿದರೆ?" ಎಂದ. ಖಂಡಿತ ಗೆಲ್ಲುವವನ ಕಥೆಯನ್ನೂ ಹೇಳಿದೆ. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಮೈಕ್ ಟೈಸನ್‌ಗೆ ಎದುರಾಗಿ ಜೇಮ್ಸ್ 'ಬಸ್ಟರ್' ಡಗ್ಲಸ್. ಅಲ್ಲಿಯವರೆಗೆ ಟೈಸನ್ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಡಗ್ಲಸ್ ಗೆದ್ದರೆ ಒಂದಕ್ಕೆ ನಲವತ್ತೆರಡು ಎಂದು ಲಾಸ್ ವೇಗಸ್‌ನ ಜೂಜುಕಟ್ಟೆಯೊಂದು ದರ ಕಟ್ಟಿತ್ತು. ಎಂಟನೆಯ ಸುತ್ತಿನಲ್ಲಿ ನೆಲಕ್ಕೆ ಬಿದ್ದ ಡಗ್ಲಸ್ ಎದ್ದು, ಹತ್ತನೆಯ ಸುತ್ತಿನಲ್ಲಿ ಟೈಸನ್‌ನನ್ನು ನಾಕೌಟ್ ಮಾಡಿದ. ಟೈಸನ್ ಮೇಲೆ ಕಟ್ಟಿದವರಿಗೆ ಗೆದ್ದಿದ್ದರೂ ಸಿಗುತ್ತಿದ್ದದ್ದು ಚಿಲ್ಲರೆ ಕಾಸು. ಸೋತದ್ದು ಪೂರ್ತಿ ಗಂಟು.

ಇನ್ನು, ಸೋಲುವುದೆಂದು ಮೊದಲೇ ಒಪ್ಪಿಕೊಂಡು ಬಂದವನನ್ನು ಯಾವ ನಿಯಮ ಪುಸ್ತಕ ಹಿಡಿದೀತು? 1947ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಜೇಕ್ ಲಮಾಟ ಎಂಬ ಬಾಕ್ಸರು ಬಿಲ್ಲಿ ಫಾಕ್ಸ್ ಎಂಬವನಿಗೆ ಸೋತ. ಅದು ಜೂಜುಕೋರರ ಜೊತೆ ಒಪ್ಪಂದವಾಗಿ ಬೇಕೆಂದೇ ಸೋತದ್ದೆಂದು 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವನೇ ಒಪ್ಪಿಕೊಂಡ. ಧರ್ಮರಾಯನಿಗೆ ಪಗಡೆಯ ಆಸೆಯಿತ್ತು, ದಾಳ ಶಕುನಿಯ ಕೈಯಲ್ಲಿತ್ತು. ಕಥೆ ಕೇಳಿ ಬೆಳೆದ ನಾವೇ ಅದನ್ನು ಮರೆಯುತ್ತೇವಲ್ಲ!

ಕಾನೂನು ಏನನ್ನುತ್ತದೆ

ಒಂದು ಕಾಕತಾಳೀಯ ನೋಡಿ. ಕ್ವೀನ್ಸ್‌ಬೆರಿ ನಿಯಮಗಳು ಬಂದ 1867ರಲ್ಲಿಯೇ ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ಸಾರ್ವಜನಿಕ ಜೂಜು ಕಾಯ್ದೆಯನ್ನೂ ತಂದಿತು. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಂ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು. ಗೆದ್ದ ಹಣ ಕೊಡಲಿಲ್ಲವೆಂದು ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಪಠ್ಯದಲ್ಲಿಯೇ ಇದೆ.

ನಮ್ಮ ರಾಜ್ಯದಲ್ಲಿ ಜೂಜನ್ನು ನಿಗ್ರಹಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಆನ್‌ಲೈನ್ ಬಾಜಿಯನ್ನು ನಿಷೇಧಿಸಲು 2021ರಲ್ಲಿ ಅದಕ್ಕೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಆಮೇಲೆ ಕೇಂದ್ರ ಸರ್ಕಾರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಸೆರೆ, ಐವತ್ತು ಲಕ್ಷದವರೆಗೆ ದಂಡ ಎಂದು ಬರೆದಿದೆ. ಆಡಿದವನನ್ನು ಅಪರಾಧಿ ಎನ್ನದೆ, ಮೋಸಕ್ಕೆ ಸಿಕ್ಕವನೆಂದು ಕಾಣುವುದು ಆ ಕಾಯ್ದೆಯ ಧೋರಣೆ. ತಂದೆ ತಾಯಂದಿರು ಇದನ್ನು ಗಮನಿಸಬೇಕು. ಮಗ ಬಾಯಿ ಬಿಡದಿರುವುದಕ್ಕೆ ಪೊಲೀಸರ ಭಯವೂ ಒಂದು ಕಾರಣವಾಗಿರುತ್ತದೆ.

ಗೆಳೆಯ ಕಳಿಸಿದಂಥ ಕೊಂಡಿಗಳು ಹೆಚ್ಚಾಗಿ ಹೊರದೇಶದಿಂದ ನಡೆಯುವಂಥವು. ಹಣ ಹಾಕುವುದು ಒಂದು ಕ್ಷಣದ ಕೆಲಸ. ತೆಗೆಯಲು ಹೋದರೆ ದೂರು ಕೇಳಲು ಬಾಗಿಲೂ ಇಲ್ಲ, ಮಾಲೀಕನೂ ಇಲ್ಲ.

ಪೋಷಕರಿಗೆ ಎರಡು ಮಾತು

ಗುರುತುಗಳು ಸಣ್ಣವೇ ಇರುತ್ತವೆ. ಕೊಟ್ಟ ಹಣಕ್ಕೆ ತಕ್ಕ ವಸ್ತು ಮನೆಗೆ ಬರುವುದಿಲ್ಲ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು. ಗೆಳೆಯರಲ್ಲಿ ಐನೂರು, ಸಾವಿರ ಸಾಲ. ಬ್ಯಾಂಕಿನ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿಗೆ ಸಣ್ಣ ಸಣ್ಣ ಪಾವತಿ. ಕಂಡ ಕೂಡಲೇ ಬೈದರೆ ಹುಡುಗ ಕಳೆದದ್ದನ್ನು ಗುಟ್ಟಾಗಿ ಗೆದ್ದು ತುಂಬಿಸಲು ಹೊರಡುತ್ತಾನೆ. ದೊಡ್ಡ ಹಳ್ಳಕ್ಕೆ ಬೀಳುವುದು ಅಲ್ಲಿಯೇ. ಮೊದಲು ಮೊತ್ತ ಎಷ್ಟೆಂದು ಕೇಳಿ, ಸಾಲವಿದ್ದರೆ ಯಾರದೆಂದು ಕೇಳಿ. ಬುದ್ಧಿಮಾತು ಆಮೇಲೆ.

ಬಿಡಬೇಕೆಂದರೂ ಬಿಡಲಾಗದ ಹಂತ ತಲುಪಿದ್ದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು ಮತ್ತು ಅಂತರ್ಜಾಲದ ಗೀಳಿಗೆಂದೇ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು. ಮನಸ್ಸಿನ ಸಮಸ್ಯೆಗಳಿಗೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲಿಯೂ ಮಾತಾಡಬಹುದು. ಹಣದ ಮೋಸವಾಗಿದ್ದರೆ 1930ಕ್ಕೆ ಕರೆ ಮಾಡಿ, ತಡಮಾಡಬೇಡಿ.

ವಿದ್ಯಾರ್ಥಿ ಮಿತ್ರರೇ, ಬಾಕ್ಸಿಂಗ್ ನೋಡಿ. ಜ್ಯಾಬ್ ಯಾವುದು, ಹುಕ್ ಯಾವುದು ಎಂದು ಗುರುತಿಸಿ. ಕಾಗದ ಪೆನ್ಸಿಲು ಹಿಡಿದು ಪ್ರತಿ ಸುತ್ತಿಗೂ ನೀವೇ 10-9 ಹಾಕಿ, ಕೊನೆಗೆ ತೀರ್ಪುಗಾರರ ಅಂಕದ ಜೊತೆ ಹೋಲಿಸಿ. ತಪ್ಪಿದರೆ ನಷ್ಟವಿಲ್ಲ, ಸರಿಹೋದರೆ ಆಗುವ ಸಂತೋಷ ಯಾವ ಬಾಜಿಗೂ ಕಡಿಮೆಯಲ್ಲ. ಕೋರ್ಟು ವ್ಯಾಜ್ಯದ ಬಗ್ಗೆ ನಮ್ಮ ಹಿರಿಯರು ಹೇಳಿದ ಗಾದೆ ಬಾಜಿಗೂ ಒಪ್ಪುತ್ತದೆ: ಗೆದ್ದವನು ಸೋತ, ಸೋತವನು ಸತ್ತ. 380 ರೂಪಾಯಿ ಗೆದ್ದ ದಿನವೇ ನಮ್ಮ ಹುಡುಗ ಸೋತಿದ್ದ.

ಚಹಾ ಮುಗಿಸಿ ಮೂರನೆಯ ಅಂಗಡಿಗೆ ವಾಪಸು ಹೋದೆವು. ಅಂಗಡಿಯವರು ನಗುತ್ತ ಅದೇ ಬೂಟು ಎತ್ತಿಟ್ಟರು. ಇನ್ನೂ ನೂರು ಇಳಿಸಿ ಎಂದೆ, ಐವತ್ತು ಇಳಿಸಿದರು. ಹೊರಗೆ ಬಂದು ಅವನಿಗೆ ಅಂದೆ: "ನೋಡೋ, ಈ ಬೀದಿಯಲ್ಲಿ ಚೌಕಾಸಿ ಬರದೆ ಮೋಸ ಹೋದರೂ ಮನೆಗೆ ಹೋಗುವಾಗ ಕೈಯಲ್ಲಿ ಒಂದು ಸಾಮಾನಾದರೂ ಇರುತ್ತದೆ."

ಹಣ ನಾನು ಕೊಟ್ಟೆ, ಸಾಲವಾಗಿ. ತಿಂಗಳಿಗೆ 250 ರೂಪಾಯಿ. ಷರತ್ತು ಒಂದೇ: ಅಮ್ಮನಿಗೆ ಅವನೇ ಹೇಳಬೇಕು. ರಾತ್ರಿ ಅಕ್ಕನ ಫೋನು ಬಂತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹೇಳಿದ ಕಣೋ. ಹೇಳುವಾಗ ಅತ್ತುಬಿಟ್ಟ. ಊಟ ಮಾಡಿಸಿ ಮಲಗಿಸಿದ್ದೇನೆ" ಎಂದಳು.

ಮೊದಲ ಕಂತು ಮುಂದಿನ ತಿಂಗಳು ಐದನೆಯ ತಾರೀಖು. ಬರುತ್ತದೋ ಇಲ್ಲವೋ ಎಂದು ಬಾಜಿ ಕಟ್ಟಲಾರೆ. ಬಂದರೆ ಇಲ್ಲಿಯೇ ಬರೆಯುತ್ತೇನೆ.